ಮಾಡಿಸಿದ್ದಲ್ಲ, ಮಾಡಿದ್ದು

ವಿಜಯನಗರದಲ್ಲೋ ಬಸವೇಶ್ವರನಗರದಲ್ಲೋ ಮಕ್ಕಳ ಫಿಸಿಯೋಥೆರಪಿ ನಡೆಯುವ ಕಡೆ, ಹೊರಗೆ ಕಾದು ಕೂತ ತಾಯಂದಿರ ನಡುವೆ ಎರಡು ಬಗೆಯ ಮಾತು ಕೇಳಿಬರುತ್ತದೆ. "ಇಲ್ಲಿಗೆ ಬರೋಕೆ ಶುರು ಮಾಡಿದ ಮೇಲೇ ನೋಡಿ, ಕೂತ್ಕೊಳ್ಳೋದು ಕಲಿತ" ಎಂಬುದು ಒಂದು. "ಇಷ್ಟು ವರ್ಷ ಅಲೆದಿದ್ದಕ್ಕೆ ಇಷ್ಟೇನಾ? ಬರದೇ ಇದ್ರೂ ಇಷ್ಟು ಆಗ್ತಿತ್ತೇನೋ" ಎಂಬುದು ಇನ್ನೊಂದು. ಎರಡನ್ನೂ ಆಡುವವರು ತಮ್ಮ ಮಗುವನ್ನು ಹಗಲು ರಾತ್ರಿ ನೋಡಿಕೊಳ್ಳುವವರು. ಅವರು ಕಂಡದ್ದು ಸುಳ್ಳಲ್ಲ. ಆದರೂ ಎರಡೂ ಮಾತು ಒಟ್ಟಿಗೆ ನಿಜವಾಗುವುದು ಹೇಗೆ?

ಈ ಮಕ್ಕಳ ಸ್ಥಿತಿಗೆ ಸೆರೆಬ್ರಲ್ ಪಾಲ್ಸಿ ಎಂದು ಹೆಸರು. ಕನ್ನಡದಲ್ಲಿ ಮಿದುಳಿನ ಪಾರ್ಶ್ವವಾಯು ಎನ್ನುತ್ತೇವೆ; ಆಸ್ಪತ್ರೆಯಲ್ಲಿ, ಶಾಲೆಯಲ್ಲಿ, ಮನೆಯಲ್ಲಿ ಚುಟುಕಾಗಿ ಸಿಪಿ. ಇದಕ್ಕೆಂದು ಹೇಳುವ ದಾರಿಗಳಿಗೆ ಲೆಕ್ಕವಿಲ್ಲ. ಕೈಕಾಲು ಆಡಿಸುವ ವ್ಯಾಯಾಮ, ಎಣ್ಣೆ ನೀವುವುದು, ಹಾಡಿನೊಂದಿಗೆ ಚಲನೆ ಕಲಿಸುವ ಗುಂಪು ಪಾಠ, ಆಮ್ಲಜನಕದ ಕೋಣೆ, ಕಾಂಡಕೋಶದ ಚುಚ್ಚುಮದ್ದು, ವಿಶೇಷ ಶಾಲೆ. ಪ್ರತಿಯೊಂದಕ್ಕೂ ಅದರಿಂದ ಗುಣ ಕಂಡೆವು ಎನ್ನುವವರು ಇದ್ದಾರೆ. ಮನೆಯವರ ಹಣಕ್ಕೂ ತಾಯಿಯ ತ್ರಾಣಕ್ಕೂ ಮಿತಿಯಿದೆ. ಹಾಗಾಗಿ ಎರಡು ಪ್ರಶ್ನೆ ಕೇಳಲೇಬೇಕು. ಈ ಮಕ್ಕಳು ಕಲಿಯುವುದು ಯಾವುದರಿಂದ? ಅದು ನಮಗೆ ಗೊತ್ತಾದದ್ದು ಹೇಗೆ?

ಗಾಯ ಬೆಳೆಯದು, ಮಗು ಬೆಳೆಯುತ್ತದೆ

ಬೆಳೆಯುತ್ತಿರುವ ಮಿದುಳಿಗೆ ಹುಟ್ಟುವ ಮುಂಚೆಯೋ, ಹುಟ್ಟುವಾಗಲೋ, ಹುಟ್ಟಿದ ಸ್ವಲ್ಪ ಕಾಲದಲ್ಲೋ ಆದ ಹಾನಿಯೇ ಸಿಪಿಯ ಮೂಲ. ದಿನ ತುಂಬದೆ ಹುಟ್ಟುವುದು, ಉಸಿರು ಸಿಗದೆ ಹೋಗುವುದು, ಹುಟ್ಟಿದ ಕೂಡಲೇ ಮಿತಿಮೀರಿದ ಕಾಮಾಲೆ, ಮಿದುಳಿಗೆ ತಗಲಿದ ಸೋಂಕು, ಹೀಗೆ ಕಾರಣಗಳು ಹಲವು. 1861ರಲ್ಲಿ ಲಂಡನ್ನಿನ ವೈದ್ಯ ವಿಲಿಯಂ ಜಾನ್ ಲಿಟಲ್ ಇದನ್ನು ಕಷ್ಟದ ಹೆರಿಗೆಯ ಜೊತೆ ಜೋಡಿಸಿದ. ಗರ್ಭದಲ್ಲೇ ಏನೋ ಕೆಟ್ಟು, ಕಷ್ಟದ ಹೆರಿಗೆ ಅದರ ಲಕ್ಷಣವಷ್ಟೇ ಆಗಿರಬಹುದಲ್ಲವೇ ಎಂದು ಆ ಶತಮಾನದ ಕೊನೆಯಲ್ಲಿ ಕೇಳಿದವನು ಸಿಗ್ಮಂಡ್ ಫ್ರಾಯ್ಡ್. ಮನೋವಿಶ್ಲೇಷಣೆಯಿಂದ ಹೆಸರಾಗುವ ಮೊದಲು ಅವನು ಮಕ್ಕಳ ನರರೋಗಗಳ ವೈದ್ಯನಾಗಿದ್ದ. ಇಬ್ಬರ ಮಾತಿನಲ್ಲೂ ಸತ್ಯವಿದೆ ಎಂಬುದು ಇಂದಿನ ತಿಳಿವಳಿಕೆ. ತಾಯಿ ಏನೋ ತಿಂದಳು, ಎಲ್ಲೋ ಹೋದಳು ಎಂಬ ಮಾತಿಗೆ ಇದರಲ್ಲಿ ಜಾಗವಿಲ್ಲ.

ಈ ಹಾನಿ ಹರಡುವುದಿಲ್ಲ, ಹೆಚ್ಚುವುದಿಲ್ಲ. ತೊಂದರೆ ಇರುವುದು ಸ್ನಾಯುವಿನಲ್ಲಲ್ಲ, ಸ್ನಾಯುವಿಗೆ ಬರುವ ಆಜ್ಞೆಯಲ್ಲಿ. ಆಜ್ಞೆ ಹದ ತಪ್ಪಿದ್ದರಿಂದ ಕೈಕಾಲು ಬಿಗಿಯುತ್ತವೆ, ಇಲ್ಲವೇ ತಾವಾಗಿಯೇ ಅಲುಗುತ್ತವೆ. ಸಿಪಿ ಇರುವ ಮೂವರಲ್ಲಿ ಒಬ್ಬರಿಗೆ ನಡೆಯಲು ಆಗುವುದಿಲ್ಲ. ನಾಲ್ವರಲ್ಲಿ ಒಬ್ಬರಿಗೆ ಮಾತು ಬರುವುದಿಲ್ಲ. ಸುಮಾರು ಅರ್ಧದಷ್ಟು ಮಕ್ಕಳಿಗೆ ಬುದ್ಧಿ ಬೆಳವಣಿಗೆಯ ತೊಂದರೆ ಇರುತ್ತದೆ. ಎಂದರೆ ಇನ್ನರ್ಧ ಮಕ್ಕಳಿಗೆ ಅದು ಇಲ್ಲ. ಜೊಲ್ಲು ಸುರಿಸುವ, ಮಾತು ತೊದಲುವ ಮಗುವಿಗೆ ಬುದ್ಧಿಯೂ ಇಲ್ಲ ಎಂದು ಬೀದಿಯಲ್ಲಿ ನಿಂತು ತೀರ್ಮಾನಿಸುವವರು ಈ ಲೆಕ್ಕವನ್ನು ನೆನಪಿಡಬೇಕು.

ಬೆಳವಣಿಗೆಯೋ, ಥೆರಪಿಯೋ?

ಎರಡು ವರ್ಷದ ಮಗುವನ್ನು ಯಾವುದೇ ಥೆರಪಿಗೆ ಸೇರಿಸಿ, ಒಂದು ವರ್ಷ ಬಿಟ್ಟು ನೋಡಿ. ಮಗು ಮುಂದೆ ಬಂದಿರುತ್ತದೆ. ಏಕೆಂದರೆ ಅದಕ್ಕೆ ಈಗ ಮೂರು ವರ್ಷ. ಸಿಪಿ ಇರುವ ಮಗುವೂ ಬೆಳೆಯುತ್ತದೆ, ತನ್ನದೇ ವೇಗದಲ್ಲಿ.

ಆ ವೇಗ ಎಷ್ಟು ಎಂಬುದನ್ನು ಅಳೆದವರು ಕೆನಡಾದ ಒಂಟಾರಿಯೋ ಪ್ರಾಂತ್ಯದ ಸಂಶೋಧಕರು. ಮಗು ತಾನಾಗಿ ಏನು ಮಾಡಬಲ್ಲದು ಎಂಬುದರ ಮೇಲೆ ಸಿಪಿಯನ್ನು ಐದು ಹಂತಗಳಾಗಿ ವಿಂಗಡಿಸುವ ಪದ್ಧತಿಯನ್ನು ಅವರು 1997ರಲ್ಲಿ ಪ್ರಕಟಿಸಿದರು. ಯಾರ ನೆರವಿಲ್ಲದೆ ನಡೆಯುವ ಮಗು ಮೊದಲ ಹಂತದ್ದು; ಕುತ್ತಿಗೆ ನಿಲ್ಲಿಸಲೂ ಕಷ್ಟಪಡುವ ಮಗು ಐದನೆಯದು. ಆಮೇಲೆ 657 ಮಕ್ಕಳನ್ನು ಮತ್ತೆ ಮತ್ತೆ ಪರೀಕ್ಷಿಸಿ, ಪ್ರತಿ ಹಂತದ ಮಕ್ಕಳೂ ವಯಸ್ಸಿನೊಂದಿಗೆ ಎಷ್ಟು ಮುಂದೆ ಬರುತ್ತಾರೆ ಎಂಬ ರೇಖೆಗಳನ್ನು 2002ರಲ್ಲಿ ಬರೆದರು. ಕೂರುವುದು, ತೆವಳುವುದು, ನಿಲ್ಲುವುದು, ನಡೆಯುವುದು ಇಂಥ ದೊಡ್ಡ ಚಲನೆಗಳಲ್ಲಿ ಮಗು ತಲುಪಬಹುದಾದ ಮಟ್ಟದ ಹೆಚ್ಚಿನ ಪಾಲನ್ನು ಐದು ವರ್ಷದೊಳಗೇ ತಲುಪುತ್ತದೆ; ತೀವ್ರ ಸಿಪಿ ಇರುವ ಮಗು ಇನ್ನೂ ಬೇಗ, ಮೂರು ವರ್ಷಕ್ಕೂ ಮುಂಚೆ. ಕೈಕೆಲಸಕ್ಕೆ, ಮಾತಿಗೆ, ಓದಿಗೆ ಈ ಗಡುವಿಲ್ಲ.

ಥೆರಪಿ ಶುರುವಾಗುವುದು ಹೆಚ್ಚಾಗಿ ಇದೇ ವಯಸ್ಸಿನಲ್ಲಿ. ಬೆಳವಣಿಗೆಯ ಫಲವೆಲ್ಲ ಥೆರಪಿಯ ಖಾತೆಗೆ ಸೇರಿಬಿಡುವುದು ಹೀಗೆ. ಐದಾರು ವರ್ಷ ದಾಟಿದ ಮೇಲೆ ಅದೇ ಥೆರಪಿ ಸೋತಂತೆ ಕಾಣುವುದೂ ಹೀಗೆಯೇ. ಒಬ್ಬ ತಾಯಿಯ ಸಂತೋಷ, ಇನ್ನೊಬ್ಬ ತಾಯಿಯ ಬೇಸರ ಎರಡರ ಹಿಂದೆಯೂ ಈ ಒಂದೇ ರೇಖೆ ಇರಬಹುದು.

ಬೆಳವಣಿಗೆಯನ್ನೂ ಥೆರಪಿಯನ್ನೂ ಬಿಡಿಸಿ ನೋಡಲು ಒಂದೇ ದಾರಿ. ಒಂದೇ ಬಗೆಯ ಮಕ್ಕಳನ್ನು ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ, ಒಂದಕ್ಕೆ ಈ ಥೆರಪಿ, ಇನ್ನೊಂದಕ್ಕೆ ಬೇರೆಯದನ್ನು ಕೊಟ್ಟು ಹೋಲಿಸಬೇಕು. ಕೆನಡಾದ ಕ್ವಿಬೆಕ್‌ನಲ್ಲಿ ಆಮ್ಲಜನಕದ ಕೋಣೆಯನ್ನು ಹೀಗೆ ಪರೀಕ್ಷಿಸಿದರು. 111 ಮಕ್ಕಳಲ್ಲಿ ಒಂದು ಗುಂಪಿಗೆ ಒತ್ತಡದ ಕೋಣೆಯಲ್ಲಿ ಶುದ್ಧ ಆಮ್ಲಜನಕ. ಇನ್ನೊಂದು ಗುಂಪಿಗೆ ಅಂಥದೇ ಕೋಣೆಯಲ್ಲಿ ಸ್ವಲ್ಪವೇ ಒತ್ತಡ ಏರಿಸಿದ ಮಾಮೂಲಿ ಗಾಳಿ. ತಲಾ ನಲವತ್ತು ಸಲ. 2001ರಲ್ಲಿ ಫಲಿತಾಂಶ ಬಂದಾಗ ಎರಡೂ ಗುಂಪಿನ ಮಕ್ಕಳು ಮುಂದೆ ಬಂದಿದ್ದರು, ಸರಿಸುಮಾರು ಒಂದೇ ಪ್ರಮಾಣದಲ್ಲಿ. ಎರಡನೇ ಗುಂಪು ಇರದಿದ್ದರೆ ಆಮ್ಲಜನಕ ಗೆದ್ದಿತೆಂದೇ ಎಲ್ಲರೂ ನಂಬುತ್ತಿದ್ದರು.

ಬಾಲ್ಟಿಮೋರಿನ 48 ಮಕ್ಕಳು

ಇಂಥ ಹೋಲಿಕೆಗಳಲ್ಲಿ ನನಗೆ ಎಲ್ಲಕ್ಕಿಂತ ಮುಖ್ಯವೆನಿಸುವುದು 1988ರಲ್ಲಿ ಪ್ರಕಟವಾದ ಒಂದು ಅಧ್ಯಯನ. ಅಮೆರಿಕದ ಬಾಲ್ಟಿಮೋರಿನಲ್ಲಿ ಫ್ರೆಡರಿಕ್ ಪಾಮರ್ ಮತ್ತು ಸಂಗಡಿಗರು, ಕಾಲುಗಳು ಹೆಚ್ಚು ಬಿಗಿಯುವ ಬಗೆಯ ಸಿಪಿ ಇದ್ದ 48 ಪುಟ್ಟ ಮಕ್ಕಳನ್ನು ಆರಿಸಿಕೊಂಡರು. ವಯಸ್ಸು ಹನ್ನೆರಡರಿಂದ ಹತ್ತೊಂಬತ್ತು ತಿಂಗಳು.

ಒಂದು ಗುಂಪಿಗೆ ಇಡೀ ವರ್ಷ ಫಿಸಿಯೋಥೆರಪಿ. ಮಗುವಿನ ಮೈಯನ್ನು ಪರಿಣತ ಕೈಗಳಿಂದ ಹಿಡಿದು, ತಿರುಗಿಸಿ, ಬಿಗಿತ ತಗ್ಗಿಸಿ, ಸಹಜ ಚಲನೆಯ ರೂಢಿ ಮಾಡಿಸುವ ಆಗಿನ ಜನಪ್ರಿಯ ಪದ್ಧತಿ ಅದು. ಇನ್ನೊಂದು ಗುಂಪಿಗೆ ಮೊದಲ ಆರು ತಿಂಗಳು ಫಿಸಿಯೋಥೆರಪಿಯೇ ಇಲ್ಲ. ಬದಲಿಗೆ ಆಟದ ಪಾಠ: ನೋಡುವುದು, ಕೇಳುವುದು, ಹಿಡಿಯುವುದು, ಮಾತು, ಯೋಚನೆ ಎಲ್ಲ ಬೆರೆತ ಆಟಗಳನ್ನು ಹೆತ್ತವರಿಗೆ ಕಲಿಸಿ ಮನೆಯಲ್ಲಿ ಆಡಿಸುವುದು. ಫಿಸಿಯೋಥೆರಪಿ ಸೇರಿದ್ದು ಆಮೇಲಿನ ಆರು ತಿಂಗಳಿಗೆ.

ವರ್ಷದ ಕೊನೆಗೆ ಬರೀ ಫಿಸಿಯೋಥೆರಪಿ ಪಡೆದ ಮಕ್ಕಳಲ್ಲಿ ನೂರಕ್ಕೆ ಸುಮಾರು 35 ಮಂದಿ ನಡೆಯುತ್ತಿದ್ದರು. ಆಟದ ಪಾಠದಿಂದ ಶುರು ಮಾಡಿದವರಲ್ಲಿ ನೂರಕ್ಕೆ 73. ಚಲನೆಯ ಒಟ್ಟು ಅಂಕಗಳಲ್ಲೂ ಎರಡನೇ ಗುಂಪೇ ಮುಂದೆ.

ಇದು ಸಣ್ಣ ಅಧ್ಯಯನ. ಇದೊಂದರಿಂದ ಫಿಸಿಯೋಥೆರಪಿ ಬೇಡವೆಂದು ಹೇಳಲಾಗದು. ಕೀಲು ಜಡ್ಡುಗಟ್ಟದಂತೆ ನೋಡಿಕೊಳ್ಳಲು, ಕಾಲಿಗೆ ಸರಿಯಾದ ಪಟ್ಟಿ ಹಾಕಿಸಲು, ಸೊಂಟದ ಕೀಲು ಜಾರುತ್ತಿದೆಯೇ ಎಂದು ಎಕ್ಸ್‌ರೇ ತೆಗೆಸಿ ಕಾಯಲು ತಜ್ಞರು ಬೇಕೇ ಬೇಕು. ಸಿಪಿ ಇರುವ ಮೂವರಲ್ಲಿ ಒಬ್ಬರಿಗೆ ಸೊಂಟದ ಕೀಲು ಸರಿಯುವ ಅಪಾಯವಿದೆ. ಅದನ್ನು ಆಟದಿಂದ ತಡೆಯಲಾಗದು. ಆದರೆ ಒಂದು ವಿಚಾರ ಉಳಿಯಿತು. ನಡಿಗೆಗೆಂದೇ ಮೈ ತಿದ್ದಿಸಿಕೊಂಡ ಮಕ್ಕಳಿಗಿಂತ, ಆಟಿಕೆಗಾಗಿ ಕೈ ಚಾಚಿದ ಮಕ್ಕಳು ನಡಿಗೆಯಲ್ಲಿ ಮುಂದೆ ಹೋದದ್ದೇಕೆ?

ಎರಡು ಬೆಕ್ಕಿನ ಮರಿಗಳು

ಉತ್ತರದ ಮೊದಲ ಎಳೆ 1963ರ ಒಂದು ಪ್ರಯೋಗದಲ್ಲಿದೆ. ರಿಚರ್ಡ್ ಹೆಲ್ಡ್ ಮತ್ತು ಅಲನ್ ಹೈನ್ ಎಂಬ ಅಮೆರಿಕದ ಮನೋವಿಜ್ಞಾನಿಗಳು ಕತ್ತಲಲ್ಲಿ ಬೆಳೆದ ಬೆಕ್ಕಿನ ಮರಿಗಳನ್ನು ಜೋಡಿ ಮಾಡಿದರು. ನಡುವೆ ತಿರುಗುವ ಕಂಬ, ಅದರ ಎರಡು ತೋಳುಗಳಿಗೆ ಒಂದೊಂದು ಮರಿ. ಒಂದು ತನ್ನ ಕಾಲ ಮೇಲೆ ನಡೆಯುತ್ತಿತ್ತು. ಇನ್ನೊಂದು ತೂಗುವ ಪೆಟ್ಟಿಗೆಯೊಳಗೆ ಕೂತಿರುತ್ತಿತ್ತು. ನಡೆಯುವ ಮರಿ ಎತ್ತ ತಿರುಗಿದರೆ ಅದೂ ಅತ್ತ. ಬೆಳಕು ಕಾಣುವುದು ದಿನಕ್ಕೆ ಮೂರೇ ಗಂಟೆ, ಅದೂ ಈ ಕಂಬದಲ್ಲಿ. ಎರಡರ ಕಣ್ಣಿಗೂ ಬೀಳುವ ದೃಶ್ಯ ಒಂದೇ.

ಆಮೇಲೆ ಪರೀಕ್ಷೆ. ಕೆಳಗಿಳಿಸುವಾಗ ನೆಲ ಹತ್ತಿರ ಬಂತೆಂದು ನಡೆದ ಮರಿ ಮುಂಗಾಲು ಚಾಚಿತು, ಹಳ್ಳ ಕಂಡು ಹಿಂಜರಿಯಿತು. ಕೂತು ಸುತ್ತಿದ ಮರಿಗೆ ಇದಾವುದೂ ಬರಲಿಲ್ಲ. ಕಣ್ಣು ಚೆನ್ನಾಗಿತ್ತು, ಕಾಲು ಚೆನ್ನಾಗಿತ್ತು, ಎರಡರ ನಂಟು ಮಾತ್ರ ಬೆಳೆದಿರಲಿಲ್ಲ. ಎರಡು ದಿನ ಬೆಳಕಿನಲ್ಲಿ ಸ್ವತಂತ್ರವಾಗಿ ಓಡಾಡಲು ಬಿಟ್ಟಾಗ ಅದೂ ಕಲಿತುಕೊಂಡಿತು.

ರಾಜಾಜಿನಗರದ ಬ್ಲಾಕು, ಮೇನು, ಕ್ರಾಸುಗಳ ನಡುವೆ ದಿನವೂ ಅಪ್ಪನ ಸ್ಕೂಟರಿನ ಹಿಂದೆ ಕೂತು ಶಾಲೆಗೆ ಹೋಗುವ ಹುಡುಗನನ್ನು ಒಂದು ದಿನ ಒಬ್ಬನೇ ಕಳಿಸಿದರೆ ಎರಡನೇ ತಿರುವಿನಲ್ಲೇ ತಬ್ಬಿಬ್ಬಾಗುತ್ತಾನೆ. ನಡೆದು ಹೋಗುವ ಹುಡುಗ ಒಂದೆರಡು ಸಲ ದಾರಿ ತಪ್ಪಿ, ಯಾರನ್ನೋ ಕೇಳಿ, ವಾರದಲ್ಲಿ ಇಡೀ ಬಡಾವಣೆಯನ್ನು ಕಲಿತಿರುತ್ತಾನೆ. ಇಬ್ಬರೂ ಕಂಡದ್ದು ಅದೇ ಬೀದಿ. ಆದರೆ "ಇಲ್ಲಿ ಬಲಕ್ಕೆ" ಎಂದು ನಿರ್ಧರಿಸುವ ಕೆಲಸ ಸ್ಕೂಟರಿನ ಹಿಂದೆ ಕೂತವನಿಗೆ ಎಂದೂ ಬೀಳಲಿಲ್ಲ.

ಮಿದುಳು ಚಲನೆ ಕಲಿಯುವುದೂ ನಿರ್ಧಾರದಿಂದಲೇ. ಕೈ ಚಾಚು ಎಂದು ಆಜ್ಞೆ ಕೊಡುವಾಗಲೇ ಮಿದುಳು, ಕೈ ಎಲ್ಲಿ ತಲುಪಬಹುದೆಂದು ಊಹಿಸಿಕೊಳ್ಳುತ್ತದೆ. ಕೈ ನಿಜವಾಗಿ ತಲುಪಿದ ಜಾಗದ ಸುದ್ದಿ ಕಣ್ಣಿನಿಂದ, ಚರ್ಮದಿಂದ, ಕೀಲಿನಿಂದ ಮರಳಿ ಬರುತ್ತದೆ. ಊಹೆಗೂ ಸುದ್ದಿಗೂ ಇರುವ ವ್ಯತ್ಯಾಸವೇ ಪಾಠ. ಮುಂದಿನ ಆಜ್ಞೆ ಅಷ್ಟರಮಟ್ಟಿಗೆ ತಿದ್ದಿಕೊಳ್ಳುತ್ತದೆ. ಮಗುವಿನ ಕೈಯನ್ನು ಬೇರೆಯವರು ಎತ್ತಿದರೆ ಸುದ್ದಿಯೇನೋ ಬರುತ್ತದೆ. ಆದರೆ ಮಗುವಿನ ಮಿದುಳು ಆಜ್ಞೆಯನ್ನೇ ಕೊಟ್ಟಿರದ ಕಾರಣ ಹೋಲಿಸಿ ನೋಡಲು ಊಹೆ ಇರುವುದಿಲ್ಲ, ತಿದ್ದಿಕೊಳ್ಳಲು ಏನೂ ಇರುವುದಿಲ್ಲ. ನಾನು ಇದನ್ನು ಸ್ವಯತ್ನದ ಕಲಿಕೆ ಎಂದು ಕರೆಯುತ್ತೇನೆ.

ಎಳೆ ಮಿದುಳಿನಲ್ಲಿ ಇದು ನರಗಳ ಉಳಿವಿನ ಪ್ರಶ್ನೆಯೂ ಹೌದು. ಇಂಗ್ಲೆಂಡಿನ ನ್ಯೂಕಾಸಲ್‌ನ ಜ್ಯಾನೆಟ್ ಏರ್ ತಂಡ 2001ರಲ್ಲಿ ತೋರಿಸಿದ್ದು ಇದು: ಹುಟ್ಟಿದ ಮಗುವಿನಲ್ಲಿ ಮಿದುಳಿನ ಪ್ರತಿ ಅರ್ಧವೂ ಎರಡೂ ಕೈಗಳ ಕಡೆಗೆ ನರತಂತುಗಳನ್ನು ಕಳಿಸಿರುತ್ತದೆ. ಹೆಚ್ಚು ದುಡಿದ ತಂತುಗಳು ಉಳಿಯುತ್ತವೆ, ಸುಮ್ಮನಿದ್ದವು ಹಿಂದೆ ಸರಿಯುತ್ತವೆ. ಮಿದುಳಿನ ಒಂದು ಪಕ್ಕ ಗಾಯಗೊಂಡಿದ್ದರೆ ಆ ಪಕ್ಕದ ತಂತುಗಳು ಈ ಸ್ಪರ್ಧೆಯಲ್ಲಿ ಸೋಲುತ್ತಾ ಹೋಗುತ್ತವೆ. ಆ ಕೈಗೆ ಬೇಗನೆ ಕೆಲಸ ಸಿಕ್ಕಷ್ಟೂ ಒಳ್ಳೆಯದು ಎನ್ನುವುದು ಇದಕ್ಕಾಗಿ.

ಬುಡಾಪೆಸ್ಟಿನ ಪಾಠ

ಈಗ ಬೇರೆ ಬೇರೆ ಪದ್ಧತಿಗಳನ್ನು ಸ್ವಯತ್ನದ ಅಳತೆಗೋಲಿನಿಂದ ನೋಡಬಹುದು. ಅಮೆರಿಕದಲ್ಲಿ ಗ್ಲೆನ್ ಡೋಮನ್ ಮತ್ತು ಕಾರ್ಲ್ ಡೆಲಕಾಟೋ ಹಬ್ಬಿಸಿದ ವಿಧಾನವೊಂದಿತ್ತು. ಹಲವಾರು ಮಂದಿ ದೊಡ್ಡವರು ಸೇರಿ ಮಲಗಿದ ಮಗುವಿನ ತಲೆ, ಕೈ, ಕಾಲುಗಳನ್ನು ತೆವಳುವ ಲಯದಲ್ಲಿ ಆಡಿಸುವುದು, ದಿನಕ್ಕೆ ಹಲವು ಸಲ. ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿ ಇದರ ಬಗ್ಗೆ 1968, 1982, 1999ರಲ್ಲಿ ಎಚ್ಚರಿಕೆ ಕೊಟ್ಟಿತು. ಇದರಿಂದ ವಿಶೇಷ ಲಾಭ ಸಿದ್ಧವಾಗಿಲ್ಲ, ಮನೆಯವರ ಮೇಲೆ ಬೀಳುವ ಹೊರೆ ಮಾತ್ರ ದೊಡ್ಡದು ಎಂಬುದು ಅದರ ಮಾತು. ಅಲ್ಲಿ ದುಡಿದವರೆಲ್ಲ ದೊಡ್ಡವರು. ಮಗುವಿನ ಪಾಲಿನ ಕೆಲಸ ತೀರ ಕಡಿಮೆ.

ಹಂಗೆರಿಯ ವೈದ್ಯ ಆಂಡ್ರಾಶ್ ಪೆಟೋ ಇದಕ್ಕೆ ತೀರ ಬೇರೆ ದಾರಿ ಹಿಡಿದ. ಎರಡನೇ ಮಹಾಯುದ್ಧ ಮುಗಿದ ಮೇಲೆ ಬುಡಾಪೆಸ್ಟಿನಲ್ಲಿ ಅವನು ಕಟ್ಟಿದ ಕಂಡಕ್ಟಿವ್ ಎಜುಕೇಶನ್ ಎಂಬ ಪದ್ಧತಿಯಲ್ಲಿ ಸಿಪಿ ಕಾಯಿಲೆಯಲ್ಲ, ಕಲಿಕೆಯ ಪ್ರಶ್ನೆ. ಮಕ್ಕಳು ಗುಂಪಾಗಿ ಕೂರುತ್ತಾರೆ; ಪಟ್ಟಿ ಬಡಿದ ಮರದ ಮಂಚ, ಏಣಿಯಂಥ ಕುರ್ಚಿ ಹಿಡಿದು ಏಳುತ್ತಾರೆ; ಮಾಡುವುದನ್ನು ಬಾಯಿಬಿಟ್ಟು ಹೇಳುತ್ತಾ, ಹಾಡುತ್ತಾ ಮಾಡುತ್ತಾರೆ. 1986ರಲ್ಲಿ ಬಿಬಿಸಿಯ ಸಾಕ್ಷ್ಯಚಿತ್ರವೊಂದು ಇದನ್ನು ತೋರಿಸಿದಾಗ ಬ್ರಿಟನ್ನಿನ ನೂರಾರು ಕುಟುಂಬಗಳು ಬುಡಾಪೆಸ್ಟಿನತ್ತ ನೋಡಿದವು. ಬರ್ಮಿಂಗ್‌ಹ್ಯಾಮ್‌ನಲ್ಲಿ ಅಂಥದೇ ಸಂಸ್ಥೆ ಶುರುವಾಯಿತು.

ಹೋಲಿಕೆಯೂ ನಡೆಯಿತು. ಬರ್ಮಿಂಗ್‌ಹ್ಯಾಮ್‌ನ ಮಕ್ಕಳನ್ನು ಇಂಗ್ಲೆಂಡಿನ ಒಳ್ಳೆಯ ವಿಶೇಷ ಶಾಲೆಗಳ ಮಕ್ಕಳೊಂದಿಗೆ ಹೋಲಿಸಿದ 1993ರ ವರದಿಯಲ್ಲಿ ಪೆಟೋ ಪದ್ಧತಿಗೆ ಮೇಲುಗೈ ಕಾಣಲಿಲ್ಲ. ಆಸ್ಟ್ರೇಲಿಯಾದ ಮೆಲ್ಬರ್ನ್‌ನಲ್ಲಿ ದೀನಾ ರೆಡಿಹೋ ತಂಡ 1998ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಈ ಪದ್ಧತಿಯ ತರಬೇತಿ ಪಡೆದ ಮಕ್ಕಳೂ ಮಾಮೂಲಿ ತರಬೇತಿ ಪಡೆದ ಮಕ್ಕಳೂ ಹೆಚ್ಚುಕಡಿಮೆ ಒಂದೇ ರೀತಿ ಮುಂದೆ ಬಂದರು.

ಇದನ್ನು ಸೋಲು ಎಂದು ಓದಬಾರದು. ಮೆಲ್ಬರ್ನ್‌ನಲ್ಲಿ ಎರಡೂ ಗುಂಪಿಗೆ ಸಿಕ್ಕ ಸಮಯ ಸಮನಾಗಿತ್ತು. ಮಗುವನ್ನು ಕಲಿಯುವವನೆಂದು ಕಂಡದ್ದು ಪೆಟೋನ ದೊಡ್ಡತನ. ಆ ದೊಡ್ಡತನ ಒಳ್ಳೆಯ ವಿಶೇಷ ಶಿಕ್ಷಕರಲ್ಲೂ ಇತ್ತು. ಮಕ್ಕಳನ್ನು ಮುಂದಕ್ಕೆ ತಂದದ್ದು ಎರಡೂ ಕಡೆ ಸಮನಾಗಿದ್ದ ದುಡಿಮೆಯೇ ಹೊರತು ಬುಡಾಪೆಸ್ಟಿನ ಹೆಸರಲ್ಲ ಎಂದು ನಾನು ಓದುತ್ತೇನೆ.

ಕಟ್ಟಿದ ಕೈ, ಬಿಟ್ಟ ಕೈ

ಮೈಯ ಒಂದು ಪಕ್ಕಕ್ಕೆ ಮಾತ್ರ ಸಿಪಿ ಇರುವ ಮಕ್ಕಳಲ್ಲಿ ಈ ಮಾತು ಇನ್ನೂ ಸ್ಪಷ್ಟ. ಅಮೆರಿಕದ ಎಡ್ವರ್ಡ್ ಟಾಬ್ ಕೋತಿಗಳಲ್ಲಿ ಕಂಡದ್ದು ಇದು: ಒಂದು ಕೈ ಸರಿಯಾಗಿ ಕೆಲಸ ಮಾಡದಿದ್ದಾಗ ಪ್ರಾಣಿ ಅದನ್ನು ಬಳಸದಿರುವುದನ್ನೇ ಕಲಿತುಬಿಡುತ್ತದೆ. ಒಳ್ಳೆಯ ಕೈಯನ್ನು ಕಟ್ಟಿಹಾಕಿದರೆ ಮತ್ತೆ ಬಳಸತೊಡಗುತ್ತದೆ. ಇದೇ ಮಕ್ಕಳ ಥೆರಪಿಯಾಯಿತು. ಚುರುಕಾದ ಕೈಗೆ ಗವಸು ತೊಡಿಸಿ, ಇನ್ನೊಂದು ಕೈಯಿಂದಲೇ ಆಡಿಸಿದರೆ ಆ ಕೈ ಸುಧಾರಿಸುತ್ತದೆ ಎಂದು ಒಂದರ ಹಿಂದೊಂದು ಅಧ್ಯಯನ ತೋರಿಸಿದವು.

ಗುಣ ಇರುವುದು ಕಟ್ಟಿನಲ್ಲೋ ಆಟದಲ್ಲೋ? ನ್ಯೂಯಾರ್ಕಿನ ಟೀಚರ್ಸ್ ಕಾಲೇಜಿನ ಆಂಡ್ರ್ಯೂ ಗಾರ್ಡನ್ ತಂಡ 42 ಮಕ್ಕಳಲ್ಲಿ ಇದನ್ನು ಪರೀಕ್ಷಿಸಿ 2011ರಲ್ಲಿ ಪ್ರಕಟಿಸಿತು. ಅರ್ಧ ಮಕ್ಕಳಿಗೆ ಕೈ ಕಟ್ಟಿ, ಇನ್ನರ್ಧ ಮಕ್ಕಳಿಗೆ ಕಟ್ಟದೆ ಎರಡೂ ಕೈ ಬೇಕಾಗುವ ಆಟ ಕೊಟ್ಟು, ಇಬ್ಬರಿಗೂ ತೊಂಬತ್ತು ತೊಂಬತ್ತು ಗಂಟೆ ಅಭ್ಯಾಸ. ಕೈ ಬಳಕೆಯಲ್ಲಿ ಎರಡೂ ಗುಂಪು ಸರಿಸಮನಾಗಿ ಸುಧಾರಿಸಿದವು. ಕಟ್ಟು ಒಂದು ಉಪಾಯವಷ್ಟೇ. ಕಲಿಸಿದ್ದು ತೊಂಬತ್ತು ಗಂಟೆಯ ಕೈಕೆಲಸ.

ಎಂಥ ಕೆಲಸ ಎಂಬುದಕ್ಕೆ ನೆದರ್ಲೆಂಡ್ಸ್‌ನ ಮಾರ್ಯೋಲೈನ್ ಕೆಟೆಲಾರ್ ತಂಡದ 2001ರ ಅಧ್ಯಯನ ಉತ್ತರ ಕೊಟ್ಟಿತು. 55 ಮಕ್ಕಳಲ್ಲಿ ಒಂದು ಗುಂಪಿಗೆ ಚಲನೆಯನ್ನು ಸಹಜಗೊಳಿಸುವ ಥೆರಪಿ, ಇನ್ನೊಂದಕ್ಕೆ ದಿನನಿತ್ಯದ ಕೆಲಸಗಳನ್ನೇ ಹೇಗಾದರೂ ಸರಿ ಮಾಡಿ ಕಲಿಯುವ ತರಬೇತಿ. ದಿನನಿತ್ಯದ ಬದುಕಿನಲ್ಲಿ ಹೆಚ್ಚು ಗಳಿಸಿದ್ದು ಎರಡನೆಯ ಗುಂಪು. ಅಂಗಿ ತೊಡಬೇಕಾದ ಮಗು ಅಂಗಿ ತೊಡುವುದನ್ನೇ ಮಾಡಿ ಕಲಿಯಬೇಕು, ಭುಜದ ವ್ಯಾಯಾಮದಿಂದಲ್ಲ.

ಸಿಡ್ನಿಯ ಅಯೋನಾ ನೊವಾಕ್ ಮತ್ತು ಸಂಗಡಿಗರು 2013ರಲ್ಲಿ 64 ಬಗೆಯ ಥೆರಪಿಗಳ ಪುರಾವೆಯನ್ನೆಲ್ಲ ಒಟ್ಟುಗೂಡಿಸಿ ಹಸಿರು, ಹಳದಿ, ಕೆಂಪು ಎಂದು ಗುರುತು ಹಾಕಿದರು. 2020ರಲ್ಲಿ ಪಟ್ಟಿಯನ್ನು ಇನ್ನಷ್ಟು ಹಿಗ್ಗಿಸಿದರು. ಚಲನೆಗೆ ಸಂಬಂಧಿಸಿದ ಹಸಿರು ಸಾಲಿನ ಥೆರಪಿಗಳಿಗೆ ಇರುವ ಸಮಾನ ಗುಣ ಎದ್ದು ಕಾಣುತ್ತದೆ. ಮಗುವೇ ಮಾಡುತ್ತದೆ, ತನಗೆ ಬೇಕಾದ ಗುರಿಗಾಗಿ ಮಾಡುತ್ತದೆ, ನಿಜವಾದ ಕೆಲಸವನ್ನೇ ಮಾಡುತ್ತದೆ, ಸಾಕಷ್ಟು ಸಲ ಮಾಡುತ್ತದೆ. ಆಮ್ಲಜನಕದ ಕೋಣೆ ಕೆಂಪು ಸಾಲಿನಲ್ಲಿದೆ. ಕಾಂಡಕೋಶದ ಚಿಕಿತ್ಸೆ ಸಿಪಿಗೆ ಇನ್ನೂ ಪ್ರಯೋಗದ ಹಂತದಲ್ಲಿದೆ. ಸಂಶೋಧನೆಯ ಹೊರಗೆ ಅದನ್ನು ಹಣ ಪಡೆದು ಕೊಡುವುದನ್ನು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯಾದ ಐಸಿಎಂಆರ್‌ನ 2017ರ ಮಾರ್ಗಸೂಚಿ ಒಪ್ಪುವುದಿಲ್ಲ. ಲಕ್ಷಾಂತರ ರೂಪಾಯಿ ಸಾಲ ಮಾಡುವ ಮೊದಲು ಪ್ರತಿ ಮನೆಯವರಿಗೂ ಇದು ಗೊತ್ತಿರಬೇಕು.

ಅಡುಗೆಮನೆಯಲ್ಲಿ ಹದಿನೇಳು ನಿಮಿಷ

ಸಾಕಷ್ಟು ಎಂದರೆ ಎಷ್ಟು? ಒಂದು ನಿರ್ದಿಷ್ಟ ಗುರಿಯನ್ನು ಸಾಧಿಸಲು ಮಗುವಿಗೆ ಒಟ್ಟು ಹದಿನಾಲ್ಕರಿಂದ ಇಪ್ಪತ್ತೈದು ಗಂಟೆ ಅಭ್ಯಾಸ ಬೇಕೆಂದು ಆಸ್ಟ್ರೇಲಿಯಾದ ಮಿಶೆಲ್ ಜಾಕ್‌ಮನ್ ಮತ್ತು ಸಂಗಡಿಗರು ಅಂದಾಜಿಸಿದ್ದಾರೆ. ವಾರಕ್ಕೆ ಒಂದು ಗಂಟೆ ಕ್ಲಿನಿಕ್ಕಿಗೆ ಹೋಗಿ ಬಂದರೆ ಅದಕ್ಕೆ ಮೂರರಿಂದ ಆರು ತಿಂಗಳು ಬೇಕು. ಮನೆ ಸೇರಿದರೆ ಲೆಕ್ಕ ಬದಲಾಗುತ್ತದೆ.

ನೊವಾಕ್ 2009ರಲ್ಲಿ ಪ್ರಕಟಿಸಿದ ಪ್ರಯೋಗ ಇದನ್ನೇ ನೋಡಿತು. 36 ಮಕ್ಕಳಲ್ಲಿ ಕೆಲವರ ಮನೆಯವರಿಗೆ ತಜ್ಞರು ಗುರಿ ಆರಿಸಲು, ಅದನ್ನು ದಿನಚರಿಯಲ್ಲಿ ಸೇರಿಸಲು ನೆರವಾದರು. ಮನೆಯವರು ಸರಾಸರಿ ಮಾಡಿಸಿದ್ದು ತಿಂಗಳಿಗೆ ಹದಿನೇಳೆಂಟು ಸಲ, ಸಲಕ್ಕೆ ಹದಿನಾರು ಹದಿನೇಳು ನಿಮಿಷ. ಎಂಟೇ ವಾರದಲ್ಲಿ, ಇಂಥ ಯೋಜನೆ ಇಲ್ಲದ ಮಕ್ಕಳಿಗಿಂತ ಇವರು ಮುಂದಿದ್ದರು.

ದಿನ ಬಿಟ್ಟು ದಿನ ಕಾಲು ಗಂಟೆ ಎಂದರೆ ಕೆಂಗೇರಿ ಉಪನಗರದ ಸಣ್ಣ ಬಾಡಿಗೆ ಮನೆಯಲ್ಲೂ ಆಗುವ ಮಾತು. ಒಂದು ಕೈಯಲ್ಲಿ ಬಟಾಣಿ ಕಾಯಿ ಹಿಡಿದು ಇನ್ನೊಂದರಿಂದ ಸುಲಿಯುವುದು ಎರಡೂ ಕೈಯ ಅಭ್ಯಾಸ. ಡಬ್ಬಿಯ ಮುಚ್ಚಳ ತಿರುಗಿಸುವುದು ಅಭ್ಯಾಸ. ತಟ್ಟೆಯಿಂದ ತಾನೇ ತುತ್ತು ಎತ್ತಿ ಬಾಯಿಗೆ ಇಡುವುದು ಎಲ್ಲಕ್ಕಿಂತ ದೊಡ್ಡ ಅಭ್ಯಾಸ, ಅರ್ಧ ಅನ್ನ ನೆಲಕ್ಕೆ ಬಿದ್ದರೂ. ಕೆಲಸ ತೀರ ಸುಲಭವಾಗಿರಬಾರದು, ಪ್ರತಿ ಸಲವೂ ಸೋಲುವಷ್ಟು ಕಷ್ಟವೂ ಆಗಬಾರದು. ಮಗು ತಡಮಾಡಿದಾಗ ಕೈ ಹಾಕದೆ ಕಾಯಬೇಕು. ಮಿದುಳು ಕಲಿಯುತ್ತಿರುವುದು ಆ ತಡದಲ್ಲೇ. ಹೊತ್ತಾಗುತ್ತದೆಂದು ಅಜ್ಜಿ ಪ್ರೀತಿಯಿಂದ ತಿನ್ನಿಸಿಬಿಟ್ಟರೆ ಹೊಟ್ಟೆ ತುಂಬುತ್ತದೆ, ಒಂದು ಪಾಠ ತಪ್ಪುತ್ತದೆ. ನುಂಗಲು ಕಷ್ಟಪಡುವ, ತಿನ್ನುವಾಗ ಕೆಮ್ಮುವ ಮಗುವಿನ ವಿಷಯ ಬೇರೆ. ಅಲ್ಲಿ ತಜ್ಞರ ಸಲಹೆ ಮೊದಲು.

ಇದನ್ನು ತಾಯಿಯೊಬ್ಬಳ ತಲೆಗೆ ಕಟ್ಟಬಾರದು. ಆ ಪ್ರಯೋಗದಲ್ಲಿ ಮನೆಯವರ ಬೆನ್ನಿಗೆ ತಜ್ಞರಿದ್ದರು, ಗುರಿ ಮನೆಯವರು ಆರಿಸಿದ್ದಾಗಿತ್ತು, ಬೇಡವೆನಿಸಿದ ದಿನ ಬಿಡುವ ಸ್ವಾತಂತ್ರ್ಯವಿತ್ತು. ಅಪ್ಪ, ಅಕ್ಕ, ಪಕ್ಕದ ಮನೆಯ ಗೆಳೆಯ ಎಲ್ಲರಿಗೂ ಇದರಲ್ಲಿ ಪಾಲಿದೆ.

ಮಾತು ಹೊರಡದಿದ್ದರೂ ಪಾಠ ನಡೆಯಬೇಕು

ಕೈಕಾಲು ಆಡದ, ಮಾತೂ ಬಾರದ ಮಗುವಿಗೆ ಸ್ವಯತ್ನ ಎಂದರೇನು? ಕಣ್ಣು ಆಡಬಹುದು, ತಲೆ ತಿರುಗಬಹುದು, ಒಂದು ಬೆರಳು ಒತ್ತಬಹುದು. ನೀರು, ಊಟ, ನೋವು, ಬೇಡ, ಇನ್ನೂ ಬೇಕು ಎಂಬ ಚಿತ್ರಗಳ ಹಲಗೆಯೊಂದನ್ನು ಮುಂದಿಟ್ಟರೆ ಆ ಒಂದು ನೋಟವೇ ನಿರ್ಧಾರವಾಗುತ್ತದೆ. ಇದನ್ನು ಬದಲಿ ಸಂವಹನ ಎನ್ನೋಣ. ಹಲಗೆ ಕೊಟ್ಟರೆ ಮಗು ಮಾತು ಕಲಿಯುವುದನ್ನೇ ಬಿಡುತ್ತದೆ ಎಂಬ ಭಯ ಬಹಳ ಮನೆಗಳಲ್ಲಿದೆ. ಬೆಳವಣಿಗೆಯ ತೊಂದರೆಗಳಿರುವವರ ಬಗ್ಗೆ ಬಂದ ಅಧ್ಯಯನಗಳನ್ನು ಒಟ್ಟುಗೂಡಿಸಿದ 2006ರ ವಿಮರ್ಶೆಯಲ್ಲಿ, ಗಟ್ಟಿ ಪುರಾವೆ ಇದ್ದ 27 ಮಂದಿಯಲ್ಲಿ ಒಬ್ಬರ ಮಾತೂ ಕಡಿಮೆಯಾಗಿರಲಿಲ್ಲ. ನೂರಕ್ಕೆ 89ರಷ್ಟು ಮಂದಿಯ ಮಾತು ಸ್ವಲ್ಪವಾದರೂ ಹೆಚ್ಚಿತ್ತು. ಈ ವಿಷಯದಲ್ಲಿ ನೆರವು ಬೇಕಾದವರಿಗೆ 1960ರ ದಶಕದಿಂದಲೂ ನಡೆಯುತ್ತಿರುವ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆ ಇದೆ.

ಭಾರತದಲ್ಲಿ ಈ ಮಕ್ಕಳ ಶಿಕ್ಷಣದ ಚರಿತ್ರೆ ಶುರುವಾದದ್ದೂ ಇಂಥ ಒಬ್ಬ ಮಗಳಿಂದ. ಸಿಪಿ ಇದ್ದ ಮಗಳು ಮಾಲಿನಿಗೆ ಇಲ್ಲಿ ಶಾಲೆ ಸಿಗದ ಕಾರಣ ಮಿಥು ಅಲೂರ್ 1972ರಲ್ಲಿ ಮುಂಬಯಿಯಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಇಂಡಿಯಾ ಕಟ್ಟಿದರು. ಮಾಲಿನಿ ಛಿಬ್ ಮುಂದೆ ಎರಡು ಸ್ನಾತಕೋತ್ತರ ಪದವಿ ಪಡೆದರು, ಒಂದೇ ಬೆರಳಿನಲ್ಲಿ ಬೆರಳಚ್ಚು ಮಾಡಿ ಆತ್ಮಕಥೆ ಬರೆದರು. ಅದರ ಹೆಸರೇ 'ಒನ್ ಲಿಟಲ್ ಫಿಂಗರ್'. ನಮ್ಮಲ್ಲಿ ಸ್ಪಾಸ್ಟಿಕ್ಸ್ ಸೊಸೈಟಿ ಆಫ್ ಕರ್ನಾಟಕ 1980ರಲ್ಲಿ ಶುರುವಾಯಿತು. ಅದಿರುವುದು ಇಂದಿರಾನಗರದಲ್ಲಿ. ಕೆಂಗೇರಿಯಿಂದಲೋ ವಿಜಯನಗರದಿಂದಲೋ ಹೊರಟವರಿಗೆ ಊರಿನ ಆ ತುದಿ. ನೇರಳೆ ಮಾರ್ಗದ ಮೆಟ್ರೋ 2021ರಲ್ಲಿ ಕೆಂಗೇರಿ ಮುಟ್ಟಿದ ಮೇಲೆ, ಗಾಲಿಕುರ್ಚಿಯನ್ನು ಲಿಫ್ಟಿನಲ್ಲಿ ಏರಿಸಿ ಒಂದೇ ರೈಲಿನಲ್ಲಿ ಅಲ್ಲಿಗೆ ತಲುಪಬಹುದಾಗಿದೆ.

ಶಾಲೆಯನ್ನೂ ಬದಲಿಸಬಹುದು

ಮಗು ಬದಲಾಗಲಿ ಎಂದು ಕಾಯುವುದೊಂದೇ ದಾರಿಯಲ್ಲ. ಕೆನಡಾದ ಮೇರಿ ಲಾ ತಂಡ 128 ಪುಟ್ಟ ಮಕ್ಕಳಲ್ಲಿ ನಡೆಸಿ 2011ರಲ್ಲಿ ಪ್ರಕಟಿಸಿದ ಪ್ರಯೋಗದಲ್ಲಿ ಒಂದು ಗುಂಪಿಗೆ ಮಗುವಿನ ಮೈ ಮತ್ತು ಚಲನೆಯನ್ನು ಸುಧಾರಿಸುವ ಥೆರಪಿ. ಇನ್ನೊಂದರಲ್ಲಿ ಮಗುವನ್ನು ಮುಟ್ಟದೆ ಕೆಲಸವನ್ನೂ ಸುತ್ತಲನ್ನೂ ಬದಲಿಸಿದರು: ಕುರ್ಚಿಯ ಎತ್ತರ, ಚಮಚದ ಹಿಡಿ, ಕೆಲಸ ಮಾಡುವ ವಿಧಾನ. ಆರು ತಿಂಗಳಲ್ಲಿ ಎರಡೂ ಗುಂಪು ಸಮನಾಗಿ ಮುಂದೆ ಬಂದವು. ಮಗುವಿಗೆ ಒಗ್ಗುವ ಕುರ್ಚಿಯೂ ಥೆರಪಿಯಷ್ಟೇ ಕೆಲಸ ಮಾಡಬಲ್ಲದು ಎಂದಾಯಿತು. ಪಾದ ನೆಲ ಮುಟ್ಟುವ ಕುರ್ಚಿ, ಎದೆಮಟ್ಟದ ಮೇಜು, ದಪ್ಪ ಹಿಡಿಯ ಪೆನ್ಸಿಲು ಸಿಕ್ಕರೆ ಮಗುವಿನ ಶ್ರಮ ಬೀಳದಂತೆ ಕೂರುವುದಕ್ಕೆ ಖರ್ಚಾಗದೆ ಅಕ್ಷರಕ್ಕೆ ಉಳಿಯುತ್ತದೆ.

ಕಾನೂನು ಈಗಾಗಲೇ ಮಗುವಿನ ಕಡೆಗಿದೆ. 2016ರ ಅಂಗವಿಕಲ ವ್ಯಕ್ತಿಗಳ ಹಕ್ಕುಗಳ ಕಾಯ್ದೆಯಂತೆ ನೂರಕ್ಕೆ ನಲವತ್ತು ಅಥವಾ ಹೆಚ್ಚಿನ ಅಂಗವೈಕಲ್ಯ ಇರುವ ಮಗುವಿಗೆ ಆರರಿಂದ ಹದಿನೆಂಟು ವರ್ಷದವರೆಗೆ ಉಚಿತ ಶಿಕ್ಷಣದ ಹಕ್ಕಿದೆ. ಹತ್ತಿರದ ಶಾಲೆಯೋ ವಿಶೇಷ ಶಾಲೆಯೋ ಎಂಬ ಆಯ್ಕೆ ಮಗುವಿನ ಕಡೆಯವರದು. ಪರೀಕ್ಷೆಯಲ್ಲಿ ಹೆಚ್ಚಿನ ಸಮಯ, ಉತ್ತರ ಬರೆದುಕೊಡುವವರು, ಎರಡನೇ ಮೂರನೇ ಭಾಷೆಯಿಂದ ವಿನಾಯಿತಿ ಎಲ್ಲವನ್ನೂ ಅದೇ ಕಾಯ್ದೆ ಹೇಳುತ್ತದೆ. ತೀವ್ರ ತೊಂದರೆ ಇರುವ ಮಗು ಮನೆಯಲ್ಲೇ ಶಿಕ್ಷಣ ಪಡೆಯುವ ಹಕ್ಕನ್ನು ಶಿಕ್ಷಣ ಹಕ್ಕು ಕಾಯ್ದೆಯ 2012ರ ತಿದ್ದುಪಡಿ ಕೊಟ್ಟಿದೆ. ಅದಕ್ಕಾಗಿ ಕ್ಷೇತ್ರ ಸಂಪನ್ಮೂಲ ಕೇಂದ್ರ, ಅಂದರೆ ಬಿಆರ್‌ಸಿ ಕಚೇರಿಯಲ್ಲಿ ಬಿಐಇಆರ್‌ಟಿ ಎಂಬ ಸಂಪನ್ಮೂಲ ಶಿಕ್ಷಕರಿದ್ದಾರೆ. ಕೇಂದ್ರ ಸರ್ಕಾರದ ರಾಷ್ಟ್ರೀಯ ನ್ಯಾಸದ (ನ್ಯಾಷನಲ್ ಟ್ರಸ್ಟ್) ನಿರಾಮಯ ವಿಮೆ ವರ್ಷಕ್ಕೆ ಒಂದು ಲಕ್ಷ ರೂಪಾಯಿಯವರೆಗೆ, ಥೆರಪಿಯೂ ಸೇರಿದಂತೆ ಖರ್ಚು ಭರಿಸುತ್ತದೆ. ಕೇಳಿದರೆ ಸಿಗುವಂಥವು ಇವು, ಕೇಳುವುದಕ್ಕೆ ಗೊತ್ತಿರಬೇಕು.

ಯಾವ ಕೇಂದ್ರಕ್ಕೆ ಹೋದರೂ

ಹೊಸ ಹೆಸರಿನ ಥೆರಪಿಗಳು ಇನ್ನೂ ಬರುತ್ತವೆ. ಹೆಸರನ್ನು ಬದಿಗಿಟ್ಟು ನಾಲ್ಕು ಪ್ರಶ್ನೆ ಕೇಳಿ. ಈ ಒಂದು ಗಂಟೆಯಲ್ಲಿ ನನ್ನ ಮಗು ತಾನಾಗಿ ಏನು ಮಾಡುತ್ತದೆ? ಯಾವ ಗುರಿಗಾಗಿ, ಅದನ್ನು ಆರಿಸಿದವರು ಯಾರು? ಮನೆಯಲ್ಲಿ ನಾವು ಏನು ಮುಂದುವರಿಸಬೇಕು? ಮೂರು ತಿಂಗಳ ನಂತರ ಇದು ಫಲ ಕೊಟ್ಟಿತೋ ಇಲ್ಲವೋ ಎಂದು ಹೇಗೆ ತಿಳಿಯುವುದು? ಒಳ್ಳೆಯ ಥೆರಪಿಸ್ಟ್ ಈ ಪ್ರಶ್ನೆಗಳಿಗೆ ಸಂತೋಷದಿಂದ ಉತ್ತರಿಸುತ್ತಾರೆ. ಮೈಮೇಲೆ ಏನೋ ಮಾಡಿಸಿಕೊಂಡು ಬರುವುದಷ್ಟೇ ಮಗುವಿನ ಪಾಲಾಗಿದ್ದರೆ, ಅದು ಎಷ್ಟೇ ದುಬಾರಿಯಾಗಿದ್ದರೂ, ಕಲಿಕೆಯ ಕೆಲಸ ಅಲ್ಲಿ ಇನ್ನೂ ಶುರುವಾಗಿಲ್ಲ.

ಸಿಪಿ ಇರುವ ಮಕ್ಕಳು ಕಲಿಯುವುದು ಎಲ್ಲ ಮಕ್ಕಳೂ ಕಲಿಯುವ ನಿಯಮದಿಂದಲೇ. ಅವರಿಗೆ ಒಂದೊಂದು ಪ್ರಯತ್ನದ ಬೆಲೆ ಹೆಚ್ಚು, ಬೇಕಾದ ಸಮಯ ಹೆಚ್ಚು. ಆ ಸಮಯ ಕೊಡುವ ಮನೆ, ಆ ಪ್ರಯತ್ನಕ್ಕೆ ಜಾಗ ಮಾಡುವ ತರಗತಿ, ಉತ್ತರ ಬರುವವರೆಗೆ ಕಾಯುವ ಶಿಕ್ಷಕ ಸಿಕ್ಕಿದರೆ ಅರ್ಧ ಶತಮಾನದ ಸಂಶೋಧನೆ ಹೇಳುವುದನ್ನೆಲ್ಲ ಮಾಡಿದಂತೆ. ಇದನ್ನು ನಮ್ಮ ಪ್ರತಿ ಬಡಾವಣೆಯ ಶಾಲೆಯಲ್ಲೂ ಆಗುವಂತೆ ಮಾಡುವ ಹೊಣೆ ಆ ಮಕ್ಕಳನ್ನು ಹೆತ್ತವರದ್ದು ಮಾತ್ರವಲ್ಲ, ನಮ್ಮೆಲ್ಲರದು.